ಮುತ್ತಿನ ಸರದ ಮೇಲಿನ ಆರೋಪ

ಸುಬ್ರಹ್ಮಣ್ಯಪುರದ ನಮ್ಮ ಮನೆಯಿಂದ ಮುಖ್ಯರಸ್ತೆಗೆ ಬರುವ ದಾರಿಯಲ್ಲಿ ಒಂದು ಅರಳಿಕಟ್ಟೆ ಇದೆ. ಕಟ್ಟೆಯ ಮೇಲೆ ಏಳೆಂಟು ನಾಗರಕಲ್ಲು. ಅರಿಸಿನ ಕುಂಕುಮ ಮೆತ್ತಿ ಮೆತ್ತಿ ಹೆಡೆ ಯಾವುದು ಬಾಲ ಯಾವುದು ಅಂತ ಗೊತ್ತಾಗದ ಹಾಗಾಗಿವೆ. ನಾಲ್ಕು ವರ್ಷ ಅದರ ಪಕ್ಕದಲ್ಲೇ ನಿಂತು ಆಫೀಸ್ ಕ್ಯಾಬಿಗೆ ಕಾದಿದ್ದೇನೆ. ಆ ಕಲ್ಲುಗಳನ್ನು ಕಣ್ಣಿಟ್ಟು ನೋಡಿದ್ದು ಮಾತ್ರ ಒಂಬತ್ತನೇ ವಾರದಲ್ಲಿ ನನ್ನ ಬಸಿರು ಹೋದ ಮೇಲೆ.

ಸ್ಕ್ಯಾನ್ ರಿಪೋರ್ಟಿನಲ್ಲಿ ‘ಮಿಸ್ಡ್ ಅಬಾರ್ಷನ್’ ಅಂತ ಬರೆದಿತ್ತು. ನನ್ನ ಗಂಡ ಅದನ್ನು ಎರಡು ಸಲ ಓದಿ, “ನಾವೇನು ಅಬಾರ್ಷನ್ ಮಾಡಿಸಿಲ್ವಲ್ಲ?” ಅಂದರು. ವೈದ್ಯರ ಭಾಷೆಯಲ್ಲಿ ತಾನಾಗಿ ಹೋದದ್ದಕ್ಕೂ ತೆಗೆಸಿದ್ದಕ್ಕೂ ಒಂದೇ ಪದ. ನಮ್ಮೂರ ಕನ್ನಡದಲ್ಲೂ ಈಗ ಹಾಗೇ ಆಗಿದೆ. ‘ಅಬಾರ್ಷನ್ ಆಯ್ತು’, ‘ಅಬಾರ್ಷನ್ ಮಾಡಿಸಿದರು’ ಅನ್ನುವಾಗ ಕೊನೆಯ ಕ್ರಿಯಾಪದ ಕೇಳಿಸಿಕೊಂಡರೆ ಮಾತ್ರ ವ್ಯತ್ಯಾಸ ತಿಳಿಯುತ್ತೆ. ಆಯುರ್ವೇದದವರು ಈ ವಿಷಯದಲ್ಲಿ ಹೆಚ್ಚು ನಾಜೂಕಿನವರು. ನಾಲ್ಕನೇ ತಿಂಗಳವರೆಗೆ ಹೋದರೆ ಗರ್ಭಸ್ರಾವ, ಅಂಗಾಂಗ ಗಟ್ಟಿಯಾದ ಮೇಲೆ ಐದು ಆರನೇ ತಿಂಗಳಲ್ಲಿ ಹೋದರೆ ಗರ್ಭಪಾತ ಅಂತ ಬೇರೆ ಬೇರೆ ಹೆಸರಿಟ್ಟಿದ್ದರು.

ಆವತ್ತು ಆಸ್ಪತ್ರೆಯಲ್ಲಿ ನನ್ನ ಫೈಲ್ ತಿರುವುತ್ತಿದ್ದವರೊಬ್ಬರು ತಲೆ ಎತ್ತದೆ ಹೇಳಿದ ಮಾತು ಇದು: “ಪಿಸಿಓಎಸ್ ಇದೆಯಲ್ಲಾ ನಿಮಗೆ, ಅದಕ್ಕೇ ಆಗಿರತ್ತೆ.” ಅವರು ಕೆಟ್ಟವರಲ್ಲ, ಹೊರಗೆ ಇನ್ನೂ ಮೂವತ್ತು ಜನ ಕಾಯ್ತಿದ್ದರು. ಆದರೆ ಆ ಒಂದು ವಾಕ್ಯ ನನ್ನ ಜೊತೆ ಮನೆಗೆ ಬಂತು. ರಾತ್ರಿ ಮಲಗಿದರೆ ಪಕ್ಕದಲ್ಲೇ ಮಲಗಿತು. ಅತ್ತೆ ಫೋನಿನಲ್ಲಿ, “ಒಂದ್ಸಲ ಘಾಟಿಗೆ ಹೋಗಿ ನಾಗಪ್ರತಿಷ್ಠೆ ಮಾಡಿಸ್ಕೊಂಡು ಬನ್ನಿ” ಅಂದರು. ತುರುವೇಕೆರೆ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ, “ಆ ಲ್ಯಾಪ್‌ಟಾಪ್‌ನ ತೊಡೆ ಮೇಲೆ ಇಟ್ಕೋಬ್ಯಾಡ ಅಂತ ಎಷ್ಟ್ ಸಲ ಬಡ್ಕಂಡೆ” ಅಂತ ಅತ್ತಳು. ಎಲ್ಲರ ಹತ್ತಿರವೂ ಒಂದೊಂದು ಕಾರಣ ಇತ್ತು. ಎಲ್ಲ ಕಾರಣಗಳೂ ನನ್ನ ಮೈಯೊಳಗೇ ಇದ್ದವು, ಇಲ್ಲಾ ನನ್ನ ತೊಡೆಯ ಮೇಲಿದ್ದವು.

ನಾನು ಮಾಡುವ ಕೆಲಸ ನಿಮ್ಮಲ್ಲಿ ಅರ್ಧ ಜನ ಮಾಡುವಂಥದ್ದೇ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಬೆಳಗ್ಗೆ ಕೂತು ಯಾಕೆ ಬಿತ್ತು ಅಂತ ವರದಿ ಬರೆಯೋದು. ಆ ಕೆಲಸದಲ್ಲಿ ಹೊಸಬರಿಗೆ ಮೊದಲ ವಾರವೇ ಹೇಳಿಕೊಡುವ ಪಾಠ ಒಂದಿದೆ: ಲಾಗಿನಲ್ಲಿ ಎರಡು ಎರರ್ ಅಕ್ಕಪಕ್ಕ ಕಂಡ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯ್ತು ಅಂತ ಬರೆಯಬಾರದು. ನನ್ನ ಪಿಸಿಓಎಸ್ಸು, ನನ್ನ ಹೋದ ಬಸಿರು ಒಂದೇ ಫೈಲಿನಲ್ಲಿ ಅಕ್ಕಪಕ್ಕ ಇದ್ದವು. ಒಂದರ ಮೇಲೆ ಇನ್ನೊಂದರ ಆರೋಪ ಯಾವಾಗ, ಯಾರು, ಯಾವ ಸಾಕ್ಷಿಯ ಮೇಲೆ ಹೊರಿಸಿದರು ಅಂತ ನೋಡಬೇಕು ಅನ್ನಿಸಿತು. ರಜೆಯ ಎರಡು ವಾರ ಅದನ್ನೇ ಓದಿದೆ. ಬೇರೆ ಏನು ಓದಿದರೂ ಅಳು ಬರ್ತಿತ್ತು ಅನ್ನೋದೂ ನಿಜ.

ಈ ಕಾಯಿಲೆಗೆ ಒಪ್ಪುವ ಚಹರೆಯನ್ನು ಮೊದಲು ಬರೆದಿಟ್ಟವರು ಇಟಲಿಯ ಆಂಟೋನಿಯೋ ವಲ್ಲಿಸ್ನೇರಿ, 1721ರಲ್ಲಿ. ಅವರು ವರ್ಣಿಸಿದ್ದು ಮದುವೆಯಾದ, ಸ್ವಲ್ಪ ದಪ್ಪಗಿದ್ದ, ಮಕ್ಕಳಾಗದ ಒಬ್ಬ ರೈತ ಹೆಂಗಸನ್ನು. ಆಕೆಯ ಅಂಡಾಶಯ ದೊಡ್ಡದಾಗಿ, ಉಬ್ಬುತಗ್ಗಾಗಿ, ಪಾರಿವಾಳದ ಮೊಟ್ಟೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತಂತೆ. ಹೆಸರು ಬರೆದಿಲ್ಲ. ಮುನ್ನೂರು ವರ್ಷದ ಹಿಂದಿನ ಆ ಹಳ್ಳಿ ಹೆಂಗಸಿಗೆ ಅವಳ ಅತ್ತೆ ಏನು ಹೇಳಿದ್ದಳೋ ಅಂತ ನನಗೆ ಕುತೂಹಲ.

ನಾವು ಈಗ ತಿಳಿದಿರುವ ಪಿಸಿಓಎಸ್ ಶುರುವಾಗೋದು 1935ರಿಂದ. ಬೆಂಗಳೂರಿನಲ್ಲಿ ಹೆಂಗಸರು ಮಕ್ಕಳಿಗಾಗಿಯೇ ವಾಣಿವಿಲಾಸ ಆಸ್ಪತ್ರೆ ಬಾಗಿಲು ತೆರೆದ ವರ್ಷವೂ ಅದೇ. ಆ ವರ್ಷ ಅಮೆರಿಕದ ಶಿಕಾಗೋದಲ್ಲಿ ಇರ್ವಿಂಗ್ ಸ್ಟೈನ್ ಮತ್ತು ಮೈಕೇಲ್ ಲೆವೆಂತಾಲ್ ಎಂಬ ಇಬ್ಬರು ವೈದ್ಯರು 7 ಹೆಂಗಸರ ಕಥೆ ಪ್ರಕಟಿಸಿದರು. ಏಳೂ ಜನಕ್ಕೆ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ, ಅಂಡಾಶಯ ಊದಿಕೊಂಡಿತ್ತು. ಇವರು ಹೊಟ್ಟೆ ಕುಯ್ದು ಎರಡೂ ಅಂಡಾಶಯಗಳಿಂದ ಕಲ್ಲಂಗಡಿ ಹೋಳು ತೆಗೆದ ಹಾಗೆ ಅರ್ಧಕ್ಕೂ ಹೆಚ್ಚು ಭಾಗ ತೆಗೆದುಹಾಕಿದರು. ಆಶ್ಚರ್ಯ ಅಂದರೆ ಏಳೂ ಜನಕ್ಕೆ ಮುಟ್ಟು ಮರಳಿತು, ಇಬ್ಬರು ಬಸುರಾದರು. ಮುಂದೆ ಮೂವತ್ತು ವರ್ಷ ಇದೇ ಚಿಕಿತ್ಸೆ. ಹೀಗೆ ಕುಯ್ದ ಜಾಗದಲ್ಲಿ ಒಳಗೊಳಗೇ ಅಂಟಿಕೊಂಡು ಕೆಲವರಿಗೆ ಮಕ್ಕಳಾಗುವ ಸಾಧ್ಯತೆಯೇ ಹೋಗುತ್ತೆ ಅನ್ನೋದು ಆಮೇಲೆ ಗೊತ್ತಾಯಿತು. 1960ರ ದಶಕದಲ್ಲಿ ಕ್ಲೋಮಿಫೀನ್ ಮಾತ್ರೆ ಬಂದ ಮೇಲೆ ಚಾಕು ಹಿಂದೆ ಸರಿಯಿತು.

ಗಮನಿಸಿ, ಇಲ್ಲಿಯವರೆಗೆ ಎಲ್ಲರ ಪ್ರಶ್ನೆ ‘ಯಾಕೆ ಬಸುರಾಗಲ್ಲ’ ಅನ್ನೋದು. ‘ಬಸುರಾದರೂ ಯಾಕೆ ಉಳಿಯಲ್ಲ’ ಅನ್ನುವ ಪ್ರಶ್ನೆ ದೊಡ್ಡದಾದದ್ದು ಅಲ್ಟ್ರಾಸೌಂಡ್ ಬಂದ ಮೇಲೆ. ಹೊಟ್ಟೆ ಕುಯ್ಯದೆ ಅಂಡಾಶಯ ನೋಡಬಹುದು ಅಂತಾದಾಗ ಎಲ್ಲರೂ ನೋಡತೊಡಗಿದರು. ಪರದೆಯ ಮೇಲೆ ಅಂಡಾಶಯದ ಅಂಚಿಗೆ ಸಾಲಾಗಿ ಕಪ್ಪು ಚುಕ್ಕೆಗಳು ಕಾಣುತ್ತವಲ್ಲ, ಅದಕ್ಕೆ ವೈದ್ಯರು ‘ಮುತ್ತಿನ ಸರ’ ಅಂತ ಹೆಸರಿಟ್ಟರು. ಅಷ್ಟು ಚೆಂದದ ಹೆಸರು ಇನ್ನಾವ ಕಾಯಿಲೆಗೂ ಇರಲಿಕ್ಕಿಲ್ಲ. ಅವು ನಿಜವಾಗಿ ಸಿಸ್ಟ್, ಅಂದರೆ ಗಂಟು, ಅಲ್ಲವೇ ಅಲ್ಲ. ಎರಡರಿಂದ ಒಂಬತ್ತು ಮಿಲಿಮೀಟರ್ ಬೆಳೆದು ಅಲ್ಲಿಗೇ ನಿಂತುಬಿಟ್ಟ ಅಂಡಕೋಶಗಳು. ಹೆಸರೇ ತಪ್ಪು, ಬದಲಿಸಿ ಅಂತ 2012ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯೇ ಹೇಳಿತು.

ಈಗ ಆರೋಪಕ್ಕೆ ಬರ್ತೀನಿ. 1988ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಸಣ್ಣ ಲೇಖನ ಹಾಕಿತು. ಪದೇ ಪದೇ ಬಸಿರು ಕಳೆದುಕೊಂಡ 56 ಹೆಂಗಸರನ್ನು ಸ್ಕ್ಯಾನ್ ಮಾಡಿದಾಗ ಅವರಲ್ಲಿ ಶೇಕಡಾ 82 ಮಂದಿಗೆ ಮುತ್ತಿನ ಸರ ಕಂಡಿತ್ತು. ಎಂಬತ್ತೆರಡು! ಇಂಥ ಸಂಖ್ಯೆ ಸಿಕ್ಕರೆ ನಾನಾದರೂ ಕಾರಣ ಸಿಕ್ಕಿತು ಅಂತ ಟಿಕೆಟ್ ಮುಚ್ಚಿ ಮನೆಗೆ ಹೋಗುತ್ತಿದ್ದೆ. ಅದೇ ವರ್ಷ ಇನ್ನೊಂದು ತಂಡ ಯಾವ ತೊಂದರೆಯೂ ಇಲ್ಲ ಅಂದುಕೊಂಡಿದ್ದ ಸಾಮಾನ್ಯ ಹೆಂಗಸರನ್ನು ಸ್ಕ್ಯಾನ್ ಮಾಡಿತು. ಅವರಲ್ಲೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಅದೇ ಸರ! ಆ ಎರಡನೇ ಸುದ್ದಿಗೆ ಮೊದಲನೆಯದರಷ್ಟು ಕಾಲುಗಳಿರಲಿಲ್ಲ.

1990ರಲ್ಲಿ ಲೆಸ್ಲಿ ರೀಗನ್ ಎಂಬ ವೈದ್ಯೆ ತಮ್ಮ ಸಹೋದ್ಯೋಗಿಗಳ ಜೊತೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಂಡಾಶಯಕ್ಕೆ ಅಂಡ ಬಿಡು ಅಂತ ಮೆದುಳಿನ ಬುಡದಿಂದ ಸೂಚನೆ ಕೊಡುವ ಎಲ್‌ಎಚ್ ಅನ್ನುವ ಹಾರ್ಮೋನ್ ಇದೆ. ಪಿಸಿಓಎಸ್ ಇರುವ ಹಲವರಲ್ಲಿ ಅದು ಹೆಚ್ಚಿರುತ್ತೆ. ರೀಗನ್ ತಂಡದ ಪ್ರಕಾರ ಎಲ್‌ಎಚ್ ಸರಿಯಿದ್ದವರಲ್ಲಿ ಬಸಿರು ಹೋಗುವ ಪ್ರಮಾಣ ಶೇಕಡಾ 12, ಹೆಚ್ಚಿದ್ದವರಲ್ಲಿ 65. ಅಂದರೆ ಆರೋಪಿಯೂ ಸಿಕ್ಕ, ಅವನ ಕೈಯಲ್ಲಿದ್ದ ಆಯುಧವೂ ಸಿಕ್ಕಿತು. ಪಿಸಿಓಎಸ್ ಇದ್ದರೆ ಬಸಿರು ನಿಲ್ಲೋದು ಕಷ್ಟ ಅನ್ನುವ ಮಾತಿಗೆ ಬಲ ಸಿಕ್ಕಿದ್ದು ಇಂಥ ಸಂಖ್ಯೆಗಳಿಂದ. ನನ್ನ ಫೈಲ್ ತಿರುವಿದವರ ಬಾಯಲ್ಲಿ ಬಂದದ್ದೂ ಅದರ ಪ್ರತಿಧ್ವನಿಯೇ ಇರಬೇಕು.

ನನಗೆ ಈ ಕಥೆಯಲ್ಲಿ ಇಷ್ಟವಾದದ್ದು ಇದರ ಮುಂದಿನ ಭಾಗ. ರೀಗನ್ ಅಲ್ಲಿಗೆ ನಿಲ್ಲಲಿಲ್ಲ. ಎಲ್‌ಎಚ್ ನಿಜವಾಗಿ ಅಪರಾಧಿಯಾಗಿದ್ದರೆ ಅದನ್ನು ಔಷಧಿ ಕೊಟ್ಟು ತಗ್ಗಿಸಿದಾಗ ಬಸಿರು ಉಳಿಯಬೇಕು ಅಲ್ವಾ? ಅವರ ತಂಡ ಮುತ್ತಿನ ಸರವಿದ್ದ, ಎಲ್‌ಎಚ್ ಹೆಚ್ಚಿದ್ದ, ಪದೇ ಪದೇ ಬಸಿರು ಕಳೆದುಕೊಂಡಿದ್ದ ಹೆಂಗಸರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಒಂದು ಗುಂಪಿಗೆ ಹಾರ್ಮೋನ್ ತಗ್ಗಿಸುವ ಔಷಧಿ ಕೊಟ್ಟಿತು. 1996ರಲ್ಲಿ ಫಲಿತಾಂಶ ಬಂತು. ಏನೂ ಪ್ರಯೋಜನ ಆಗಿರಲಿಲ್ಲ. ಎಲ್‌ಎಚ್ ತಗ್ಗಿತು, ಉಳಿದ ಬಸಿರಿನ ಸಂಖ್ಯೆ ಏರಲಿಲ್ಲ.

ಆಮೇಲೆ 2000ದಲ್ಲಿ ಅದೇ ತಂಡ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಿಂದ, 2,199 ಹೆಂಗಸರ ಲೆಕ್ಕ ಹಾಕಿತು. ಪದೇ ಪದೇ ಬಸಿರು ಹೋದವರಲ್ಲಿ ಮುತ್ತಿನ ಸರ ಕಂಡದ್ದು ಶೇಕಡಾ 82ಕ್ಕಲ್ಲ, ಸುಮಾರು 41ಕ್ಕೆ. ಅದಕ್ಕಿಂತ ಮುಖ್ಯವಾದದ್ದು, ಅವರಲ್ಲಿ ಯಾವ ಔಷಧಿಯೂ ಇಲ್ಲದೆ ಮತ್ತೆ ಬಸುರಾದವರು ಏನಾದರು ಅನ್ನೋದು. ಸರ ಇದ್ದವರಲ್ಲಿ ಜೀವಂತ ಮಗು ಹುಟ್ಟಿದ್ದು ಶೇಕಡಾ 60.9ರಷ್ಟು, ಇಲ್ಲದವರಲ್ಲಿ 58.5. ಪದೇ ಪದೇ ಕಳೆದುಕೊಂಡವರಲ್ಲಿ ಅಂಡಾಶಯದ ರೂಪ ನೋಡಿ ಮುಂದಿನ ಬಸಿರಿನ ಭವಿಷ್ಯ ಹೇಳೋಕೆ ಬರಲ್ಲ ಅಂತ ಅವರೇ ಬರೆದರು. ಹತ್ತು ವರ್ಷದ ಹಿಂದೆ ತಾವೇ ಕಟ್ಟಲು ನೆರವಾದ ಮನೆಯ ತೊಲೆ ತಾವೇ ಬಿಚ್ಚಿದರು. ನಮ್ಮ ಉದ್ಯೋಗದಲ್ಲಿ ತನ್ನ ಹಳೆಯ ಕೋಡನ್ನು ತಾನೇ ತಪ್ಪು ಅಂತ ಒಪ್ಪಿಕೊಳ್ಳುವವರನ್ನು ನಾನು ಬೆರಳೆಣಿಕೆಯಷ್ಟೇ ನೋಡಿದ್ದೇನೆ, ಬಡ್ತಿಯ ತಿಂಗಳಲ್ಲಂತೂ ಒಬ್ಬರನ್ನೂ ನೋಡಿಲ್ಲ.

ಹಾಗಾದರೆ 82 ಎಲ್ಲಿಂದ ಬಂತು? 56 ಸಣ್ಣ ಸಂಖ್ಯೆ ಅನ್ನೋದು ಒಂದು. ಇನ್ನೊಂದು, ದೊಡ್ಡ ಆಸ್ಪತ್ರೆಯ ವಿಶೇಷ ಕ್ಲಿನಿಕ್ಕಿಗೆ ಬರುವವರು ಯಾರು ಅನ್ನುವ ಪ್ರಶ್ನೆ. ಈಗಾಗಲೇ ತೊಂದರೆ ಅನುಭವಿಸಿ, ಅಲ್ಲಿ ಇಲ್ಲಿ ತೋರಿಸಿ, ಯಾರೋ ಕಳಿಸಿಕೊಟ್ಟವರು. ಸರ ಇದ್ದೂ ಮೂರು ಮಕ್ಕಳು ಹೆತ್ತು ಆರಾಮಾಗಿರುವವರು ಆ ಕ್ಲಿನಿಕ್ಕಿನ ಬಾಗಿಲಿಗೇ ಬರಲ್ಲ. ಮಕ್ಕಳಾಗಲು ಚಿಕಿತ್ಸೆ ಪಡೆಯುವವರ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಅವರು ದಿನ ಎಣಿಸಿ ಪರೀಕ್ಷೆ ಮಾಡಿಸುತ್ತಾರೆ, ನಾಲ್ಕೈದು ವಾರದಲ್ಲಿ ಹೋದದ್ದೂ ದಾಖಲಾಗುತ್ತೆ. ನಮ್ಮೂರಲ್ಲಿ ಅದೇ ಆಗಿದ್ದರೆ ‘ಈ ತಿಂಗಳು ಹತ್ತು ದಿನ ತಡ’ ಅಂತ ಹೇಳಿ ಬಟ್ಟೆ ಒಗೆಯೋಕೆ ಹೋಗ್ತಿದ್ದರು.

ಇಷ್ಟಕ್ಕೇ ಪಿಸಿಓಎಸ್ ನಿರ್ದೋಷಿ ಅಂತ ತೀರ್ಪು ಬರೆದರೆ ನಾನೂ ಅದೇ ತಪ್ಪು ಮಾಡಿದ ಹಾಗೆ. 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಪಿಸಿಓಎಸ್ ಇರುವವರ ಬಸಿರಿನಲ್ಲಿ ಹೆಚ್ಚಿನ ಎಚ್ಚರ ಬೇಕು ಅನ್ನುತ್ತೆ. ಬಸುರಿಯ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಜೊತೆಗೆ ಬಸಿರು ಹೋಗುವ ಅಪಾಯವೂ ಆ ಪಟ್ಟಿಯಲ್ಲಿದೆ. ಹೆಚ್ಚಳ ಇದೆ. ಅದರಲ್ಲಿ ತೂಕದ ಪಾಲೆಷ್ಟು, ವಯಸ್ಸಿನ ಪಾಲೆಷ್ಟು, ಇನ್ಸುಲಿನ್ನಿನದೆಷ್ಟು ಅಂತ ಬಿಡಿಸೋದು ಕಷ್ಟ. ಪಿಸಿಓಎಸ್ ಇಲ್ಲದವರೂ ಸೇರಿದ ಒಟ್ಟು ಲೆಕ್ಕದಲ್ಲಿ, ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಸುಮಾರು 15 ಹೀಗೆ ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಎಣಿಕೆಯಲ್ಲೇ ಆದ ಎಡವಟ್ಟು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೂ ಇಡದಿದ್ದರೂ ಅದು ಬದಲಾಗಲ್ಲ. ನನ್ನದು ಯಾವ ಅರ್ಧಕ್ಕೆ ಸೇರಿತ್ತೋ. ಪರೀಕ್ಷೆ ಮಾಡಿಸಿರಲಿಲ್ಲ.

ಎಲ್‌ಎಚ್ ಮೇಲಿನ ಕೇಸು ಬಿದ್ದುಹೋದ ಮೇಲೆ ಮುಂದೆ ಬಂದ ಶಂಕಿತ ಇನ್ಸುಲಿನ್. ರಕ್ತದ ಸಕ್ಕರೆಯನ್ನು ಜೀವಕೋಶದೊಳಗೆ ಬಿಡುವ ಈ ಹಾರ್ಮೋನಿಗೆ ಕೋಶಗಳು ಬಾಗಿಲು ತೆರೆಯದೆ ಸತಾಯಿಸಿದರೆ ಮೈ ಇನ್ನಷ್ಟು ಇನ್ಸುಲಿನ್ ಸುರಿಯುತ್ತೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನು ಹೆಚ್ಚಿಸುತ್ತೆ, ಅಂಡ ಬಲಿಯೋದು ಅರ್ಧಕ್ಕೆ ನಿಲ್ಲುತ್ತೆ. 1980ರಿಂದ ಕಾಣತೊಡಗಿದ ಈ ಸಂಬಂಧ ಗಟ್ಟಿಯಾದದ್ದೇ. ಹಾಗಾಗಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟರೆ ಬಸಿರೂ ಉಳಿಯುತ್ತೆ ಅಂತ 2001, 2002ರ ಸುಮಾರಿನಲ್ಲಿ ಸಣ್ಣ ಸಣ್ಣ ವರದಿಗಳು ದೊಡ್ಡ ಆಸೆ ಹುಟ್ಟಿಸಿದವು. 2007ರಲ್ಲಿ ಅಮೆರಿಕದಲ್ಲಿ 626 ಹೆಂಗಸರ ಮೇಲೆ ಕಟ್ಟುನಿಟ್ಟಾದ ಪ್ರಯೋಗ ನಡೆದಾಗ, ಮೊದಲ ಮೂರು ತಿಂಗಳಲ್ಲಿ ಬಸಿರು ಹೋಗುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ಬ್ಯಾಗಿನಲ್ಲೂ ಆ ಮಾತ್ರೆಯ ಪಟ್ಟಿ ಇದೆ, ಬೇರೆ ಕಾರಣಕ್ಕೆ ನುಂಗ್ತೀನಿ. ಇದನ್ನು ಓದಿ ನೀವು ನಿಮ್ಮ ಮಾತ್ರೆ ಬಿಡಬೇಡಿ ಮಾರಾಯ್ರೆ, ನಿಮ್ಮ ಡಾಕ್ಟರನ್ನು ಕೇಳಿ.

ಇನ್ಸುಲಿನ್ ಅಂದ ಕೂಡಲೇ ಈ ಕಥೆ ಶಿಕಾಗೋ, ಲಂಡನ್ ಬಿಟ್ಟು ನಮ್ಮ ಮೈಸೂರಿಗೆ ಬರುತ್ತೆ. ಅಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ದಾಖಲೆಯಲ್ಲಿ ಉಳಿದಿತ್ತು. ತಾಯಿಯ ತೂಕವೂ ಇತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು ಆ ದಾಖಲೆ ಹಿಡಿದು, ಆಸ್ಪತ್ರೆಯ ಸುತ್ತಿನ ಮನೆ ಮನೆ ಹುಡುಕಿ, 1934ರಿಂದ 1953ರ ನಡುವೆ ಅಲ್ಲಿ ಹುಟ್ಟಿದ 506 ಜನರನ್ನು ಪತ್ತೆ ಮಾಡಿದರು. ಆಗ ಅವರೆಲ್ಲ ನಡುವಯಸ್ಸಿನವರು. ಸಕ್ಕರೆ ಪರೀಕ್ಷೆ ಮಾಡಿ ಹಳೆಯ ಲೆಕ್ಕದ ಜೊತೆ ತಾಳೆ ಹಾಕಿದರು. ಬ್ರಿಟನ್ನಿನಲ್ಲಿ ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಅಂತ ಕಂಡಿತ್ತು. ಮೈಸೂರಿನಲ್ಲಿ ಚಿತ್ರ ಬೇರೆ. ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಇದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು ಕಂಡಿತು. ಅಂದರೆ ಇನ್ಸುಲಿನ್ ಜೊತೆಗಿನ ನಮ್ಮ ಜಗಳ ನಾವು ಪಿಜ್ಜಾ ತಿನ್ನೋಕೆ ಶುರು ಮಾಡಿದ ಮೇಲೆ ಹುಟ್ಟಿದ್ದಲ್ಲ, ತಾಯಿಯ ಹೊಟ್ಟೆಯಲ್ಲೇ ಅದರ ಬೇರು ಇರಬಹುದು ಅನ್ನುವ ಮಾತಿಗೆ ಮೈಸೂರಿನ ಆ ಲೆಕ್ಕ ಸಾಕ್ಷಿಯಾಯಿತು. ಪಿಸಿಓಎಸ್ ಬಗ್ಗೆ ಆ ಅಧ್ಯಯನ ಏನನ್ನೂ ಕೇಳಿರಲಿಲ್ಲ, ಅದನ್ನು ಒಪ್ಪಿಕೊಳ್ತೀನಿ. ಆದರೂ ‘ಕೂತು ಕೂತು ಕೆಲಸ ಮಾಡ್ತೀರ, ಅದಕ್ಕೇ’ ಅಂತ ಯಾರಾದರೂ ಬೆರಳು ತೋರಿಸಿದರೆ ನನಗೆ ಆ ತೂಕದ ಪಟ್ಟಿ ನೆನಪಾಗುತ್ತೆ.

ಆ ದಾಖಲೆಯಲ್ಲಿ ಹುಟ್ಟಿದವರು ಇದ್ದಾರೆ. ಒಂಬತ್ತನೇ ವಾರಕ್ಕೆ ಹೋದವರನ್ನು ಅಂಥ ಲೆಕ್ಕಗಳಲ್ಲಿ ಎಲ್ಲಿ ಹುಡುಕೋದು? ನಮ್ಮ ಕಡೆ ಅವರಿಗೆ ಏನಾದರೂ ಗುರುತು ಉಳಿದಿದ್ದರೆ ಅದು ಈ ನಾಗರಕಲ್ಲುಗಳೇ ಅನ್ನಿಸುತ್ತೆ. ಮಕ್ಕಳಾಗದವರು, ಆಗಿ ಉಳಿಯದವರು ಕಲ್ಲು ಕಡೆಸಿ, ಕೆಲವು ಕಾಲ ನೀರಿನಲ್ಲಿಟ್ಟು, ಆಮೇಲೆ ಅರಳಿಮರದ ಕೆಳಗೆ ಪ್ರತಿಷ್ಠೆ ಮಾಡುವ ಪದ್ಧತಿ ಹಳೆಯ ಮೈಸೂರು ಸೀಮೆಯಲ್ಲಿ ಎಲ್ಲೆಲ್ಲೂ ಇತ್ತು. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ಇಂಥ ಕಲ್ಲುಗಳು ಕಣ್ಣು ಹಾಯಿಸಿದಷ್ಟೂ ಇವೆ. ನಾಗದೋಷ ಅನ್ನೋದು ಕೂಡ ಒಂದು ರೋಗನಿದಾನವೇ, ಪಿಸಿಓಎಸ್ಸಿಗಿಂತ ಹಳೆಯದು. ನಾನು ಅದನ್ನು ನಂಬಲ್ಲ. ಆದರೆ ಅತ್ತೆ ಹೇಳಿದ ಕಾರಣದಲ್ಲಿ ಒಂದು ಸಮಾಧಾನ ಇತ್ತು ಅಂತ ಈಗ ಅನ್ನಿಸುತ್ತೆ. ಅದರಲ್ಲಿ ತಪ್ಪು ಹಿಂದಿನ ಯಾವುದೋ ಜನ್ಮದ್ದು, ಗಂಡ ಹೆಂಡತಿ ಇಬ್ಬರೂ ಜೊತೆಗೆ ಕೂತು ಸಂಕಲ್ಪ ಮಾಡಬೇಕು. ನನ್ನ ಫೈಲಿನಲ್ಲಿ ಇದ್ದದ್ದು ನನ್ನ ಹೆಸರು ಮಾತ್ರ.

ಅಮ್ಮನ ಟ್ರಂಕಿನಲ್ಲಿ ಅನುಪಮಾ ನಿರಂಜನರ ‘ತಾಯಿ ಮಗು’ ಇತ್ತು, ಮದುವೆಯ ಉಡುಗೊರೆ. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ, ಧಾರವಾಡದಲ್ಲಿ ಬೆಂಗಳೂರಿನಲ್ಲಿ ವೈದ್ಯೆಯಾಗಿದ್ದ ಅನುಪಮಾ ಕಾದಂಬರಿಯನ್ನೂ ಬರೆದರು, ಹೆಣ್ಣಿನ ಮೈಯ ಬಗ್ಗೆ ಕನ್ನಡದಲ್ಲಿ ನಾಚಿಕೆ ಇಲ್ಲದೆಯೂ ಬರೆದರು. ನಾನು ಹೈಸ್ಕೂಲಿನಲ್ಲಿ ಆ ಪುಸ್ತಕವನ್ನು ಕದ್ದು ಓದಿದ್ದೆ. ಹಳೆಯ ಕ್ಯಾಲೆಂಡರಿನ ಹಾಳೆ ಹಾಕಿ ರಟ್ಟು ಕಟ್ಟಿದ್ದರಿಂದ ಹೊರಗೆ ಹೆಸರು ಕಾಣುತ್ತಿರಲಿಲ್ಲ. ಯಾವುದೋ ಒಂದು ಪುಟ ಮಡಿಚಿಟ್ಟಿತ್ತು. ಯಾವ ಪುಟ ಅಂತ ಆಗ ನೋಡಲಿಲ್ಲ.

ಹೋದ ತಿಂಗಳು ಬೇರೆ ಕಡೆ ಹೊಸ ಡಾಕ್ಟರ ಹತ್ತಿರ ಹೋದೆ. ಕಾಯುವಾಗ ತುಂಬಲು ಒಂದು ಫಾರಂ ಕೊಟ್ಟರು. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಗರ್ಭ ನಷ್ಟ ಆಗಿದೆಯೇ ಅಂತ ಒಂದು ಸಾಲು. ‘ಇಲ್ಲ’ ಅಂತ ಗುರುತು ಹಾಕಲು ಪೆನ್ನು ಇಟ್ಟವಳು ಯಾಕೋ ನಿಂತು ಅಮ್ಮನಿಗೆ ಫೋನ್ ಮಾಡಿದೆ. ತೋಟದಲ್ಲಿದ್ದಳು, ಕಾಯಿ ಕೀಳಿಸುತ್ತಿದ್ದ ಸದ್ದು ಕೇಳ್ತಿತ್ತು. ಕೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಕಾಯಿ ಬೀಳುವ ಸದ್ದಷ್ಟೇ ಬಂತು.

“ನಿನಗಿಂತ ಮುಂಚೆ ಒಂದು. ಯುಗಾದಿ ಆಗಿ ಎಂಟು ದಿನಕ್ಕೆ” ಅಂದಳು. “ನಿಮ್ಮಪ್ಪಂಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ.”

ನನಗೆ ಮಾತು ಹೊರಡಲಿಲ್ಲ. ಅವಳೇ ಮತ್ತೆ ಕೇಳಿದಳು.

“ಅದ್ನೂ ಬರ್ಕತಾರೇನವ್ವಾ ಅಲ್ಲಿ?”

“ಬರ್ಕೊಳ್ತಾರಮ್ಮ.”

“ಹಂಗಾರೆ ಎರಡು ಅಂತ ಬರಿ” ಅಂದಳು. “ನಿನ್ನ ತಮ್ಮ ಆದ್ಮೇಲೂ ಒಂದು ಹೋಯ್ತು.”